ದೊಡ್ಡ ಡಾಕ್ಟರಿಗೆ ರಜೆ ಕೊಡುವವರಾರು?

ಹೋದ ವರ್ಷ ಆಷಾಢದಲ್ಲಿ ಇದೇ ಅಂಕಣದಲ್ಲಿ ನಾನೊಂದು ಸುದ್ದಿ ಬರೆದಿದ್ದೆ. ‘ಆಸ್ಪತ್ರೆಯಲ್ಲಿ ವೈದ್ಯಾಧಿಕಾರಿಯ ದರ್ಪ, ವೃದ್ಧೆಯ ಮುಂದೆ ಕಾಗದ ಎಸೆತ’ ಎಂಬುದು ತಲೆಬರಹ. ಮಗನ ಸರ್ಟಿಫಿಕೇಟಿಗೆ ಸಹಿ ಬೇಕೆಂದು ಮೂರನೇ ಸಲ ಹಳ್ಳಿಯಿಂದ ಬಸ್ಸು ಹತ್ತಿ ಬಂದಿದ್ದ ಮುದುಕಿ. ಕಾಗದ ಮುಂದೆ ಹಿಡಿದಳು. ಆಡಳಿತ ವೈದ್ಯಾಧಿಕಾರಿಗಳು ಅದನ್ನು ಕಿತ್ತು ಮೇಜಿನ ಮೇಲೆ ಬಿಸಾಕಿ, “ನಾಳೆ ಬಾರಮ್ಮ, ನಾನೇನು ಮಿಷನ್ನಾ?” ಎಂದು ಕೂಗಿದರು. ಬಾಗಿಲಲ್ಲಿ ಇಪ್ಪತ್ತು ಜನ ನೋಡಿದರು. ಅವರಲ್ಲಿ ನಾನೂ ಒಬ್ಬ.

ಅವತ್ತು ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಪೇಪರು ಬಿಸಿ ಬೋಂಡದ ಹಾಗೆ ಹೋಯಿತು. ಮೇಲಿನ ಕಚೇರಿಯಿಂದ ಡಾಕ್ಟರಿಗೆ ಕಾರಣ ಕೇಳಿ ನೋಟಿಸು ಬಂತು. ‘ಸರಿಯಾಗಿ ಬರೆದ್ರಿ’ ಎಂದು ನಾಲ್ಕು ಜನ ಅಂಗಡಿಯವರು ಕರೆದು ಕಾಫಿ ಕೊಡಿಸಿದರು. ನಾನೂ ಕಾಲರ್ ಎತ್ತಿ ಓಡಾಡಿದೆ, ಸುಳ್ಳೇಕೆ ಹೇಳಲಿ.

ಎರಡು ತಿಂಗಳಾದ ಮೇಲೆ ಆಸ್ಪತ್ರೆಯ ಎದುರಿನ ಟೀ ಅಂಗಡಿಯಲ್ಲಿ ಅಲ್ಲಿಯ ಹಿರಿಯ ಸಿಸ್ಟರ್ ಸಿಕ್ಕರು. ನಿವೃತ್ತಿಗೆ ಹತ್ತಿರವಾದ ಹೆಂಗಸು, ಮಾತು ನೇರ. “ನೀವು ಬರೆದದ್ದು ಸುಳ್ಳಲ್ಲಪ್ಪ. ಆದ್ರೆ ಹಿಂದಿನ ರಾತ್ರಿ ಏನಾಯ್ತು ಅಂತ ಯಾಕೆ ಕೇಳ್ಲಿಲ್ಲ?” ಅಂದರು. ನನ್ನ ಬಳಿ ಉತ್ತರವಿರಲಿಲ್ಲ. ಅವರೇ ಹೇಳಿದರು.

ಹಿಂದಿನ ದಿನ ಬೆಳಿಗ್ಗೆ 6ಕ್ಕೆ ಎದ್ದವರು ಡಾಕ್ಟರು. ಹಗಲೆಲ್ಲ ಡ್ಯೂಟಿ. ರಾತ್ರಿ 1 ಗಂಟೆಗೆ ಒಂದು ಸಿಜೇರಿಯನ್. ಅದು ಮುಗಿದು ಕೈ ತೊಳೆಯುವಷ್ಟರಲ್ಲಿ 108ರಲ್ಲಿ ಇನ್ನೊಂದು ಕೇಸು ಬಂತು. ತಾಯಿ ಉಳಿದಳು, ಮಗು ಉಳಿಯಲಿಲ್ಲ. ಕಡೆಯವರು ಬೆಳಗಿನ ಜಾವ 5ರವರೆಗೆ ವಾರ್ಡಿನ ಮುಂದೆ ಗಲಾಟೆ ಮಾಡಿದರು, ಪೊಲೀಸರು ಬರಬೇಕಾಯಿತು. 9.30ಕ್ಕೆ ಮೇಲಧಿಕಾರಿಗಳ ವಿಡಿಯೋ ಕಾನ್ಫರೆನ್ಸ್. ಅದರಲ್ಲಿ ‘ನಿಮ್ಮ ತಾಲ್ಲೂಕಿನ ಪ್ರಗತಿ ಏಕೆ ಕಡಿಮೆ’ ಎಂಬ ತರಾಟೆ. 11ಕ್ಕೆ ಹೊರಗುತ್ತಿಗೆಯ ಸ್ವಚ್ಛತಾ ಕೆಲಸದವರು ಎರಡು ತಿಂಗಳ ಸಂಬಳವಿಲ್ಲವೆಂದು ಪೊರಕೆ ಕೆಳಗಿಟ್ಟರು. ಮುದುಕಿ ಕಾಗದ ಹಿಡಿದು ನಿಂತಾಗ ಗಂಟೆ ಹನ್ನೆರಡೂಕಾಲು. ಮೂವತ್ತು ಗಂಟೆ ಕಣ್ಣು ಮುಚ್ಚಿರದ ಮನುಷ್ಯನ ಮುಂದೆ ಅವಳು ನಿಂತಿದ್ದಳು.

ಹಾಗಂತ ಮುದುಕಿಗೆ ಕೂಗಿದ್ದು ಸರಿಯೇ? ಖಂಡಿತ ಅಲ್ಲ. ಆಕೆಯ ಮೂರು ಸಲದ ಬಸ್‌ಚಾರ್ಜು ಯಾರು ಕೊಡುತ್ತಾರೆ? ಆದರೆ ನಾನು ಬರೆದ ಸುದ್ದಿ ಅರ್ಧ ಸುದ್ದಿ. ಉಳಿದ ಅರ್ಧವನ್ನು ಬರೆಯುವುದು ನನ್ನ ಮೇಲಿದ್ದ ಸಾಲ.

ಒಂದು ಲೆಕ್ಕ ನೋಡಿ. 1997ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ಜನರನ್ನು ಕೂರಿಸಿ ಪರೀಕ್ಷೆ ಮಾಡಿದರು. 17 ಗಂಟೆ ಸತತ ಎದ್ದಿದ್ದವನ ಕೈ-ಕಣ್ಣಿನ ಹೊಂದಾಣಿಕೆ, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯವಿರುವವನ ಮಟ್ಟಕ್ಕೆ ಇಳಿದಿತ್ತು. 24 ಗಂಟೆಯಾದರೆ ಸುಮಾರು ಅದರ ಎರಡರಷ್ಟು. ನಮ್ಮ ದೇಶದಲ್ಲಿ ಗಾಡಿ ಓಡಿಸುವವನಿಗೆ ಕಾನೂನು ಇಟ್ಟಿರುವ ಮಿತಿ 30 ಮಿಲಿಗ್ರಾಂ. ಎಂದರೆ, ಬೈಪಾಸ್ ಸರ್ಕಲ್ಲಿನಲ್ಲಿ ಪೊಲೀಸರು ಬಾಯಿ ಊದಿಸಿ ಹಿಡಿಯುವವನಿಗಿಂತ ಮಂಕಾದ ಸ್ಥಿತಿಯಲ್ಲಿ ನಮ್ಮ ದೊಡ್ಡ ಡಾಕ್ಟರು ಕುರ್ಚಿಯಲ್ಲಿ ಕೂತು ಆಸ್ಪತ್ರೆ ನಡೆಸುತ್ತಿದ್ದರು. ಹನಿ ಕುಡಿಯದೆ!

ಒಬ್ಬರೇ, ಎರಡು ಕುರ್ಚಿ

ಇವರ ಪಾಡು ಇನ್ನೂ ಬಿಗಿ. ಆಡಳಿತ ವೈದ್ಯಾಧಿಕಾರಿಯೂ ಇವರೇ, ಆಪರೇಷನ್ನಿಗೆ ಮತ್ತು ಕೊಡುವ ಡಾಕ್ಟರೂ ಇವರೇ. ಇಡೀ ಆಸ್ಪತ್ರೆಗೆ ಅರಿವಳಿಕೆ ತಜ್ಞರು ಇವರೊಬ್ಬರೇ. ಹೆರಿಗೆ ಡಾಕ್ಟರು ಇದ್ದೂ ಮತ್ತು ಕೊಡುವವರಿಲ್ಲದಿದ್ದರೆ ಸಿಜೇರಿಯನ್ ಇಲ್ಲ. ಇವರು ಒಂದು ದಿನ ರಜೆ ಹಾಕಿದರೆ ಅವತ್ತು ನೋವು ತಿನ್ನುವ ಹೆಣ್ಣುಮಗಳು ಜಿಲ್ಲಾ ಆಸ್ಪತ್ರೆಗೆ ಹೋಗಬೇಕು. ಆಕೆ ನಿಮ್ಮ ಮನೆಯವಳೂ ಇರಬಹುದು, ನಮ್ಮ ಮನೆಯವಳೂ ಇರಬಹುದು. ಇದು ಗೊತ್ತಿದ್ದೇ ಡಾಕ್ಟರು ರಜೆ ಹಾಕುವುದಿಲ್ಲ. ಅವರ ಸಾಂದರ್ಭಿಕ ರಜೆ ಪ್ರತಿ ಡಿಸೆಂಬರ್ 31ಕ್ಕೆ ಕ್ಯಾಲೆಂಡರಿನ ಜೊತೆಗೇ ಗೋಡೆಯಿಂದ ಇಳಿಯುತ್ತದೆ.

ಸಿಸ್ಟರ್ ಮಾತು ಕೇಳಿದ ಮೇಲೆ ನಾನು ಒಂದು ದಿನ ಅವರ ಚೇಂಬರಿನ ಮೂಲೆಯ ಸ್ಟೂಲಿನಲ್ಲಿ ಕೂತೆ. “ಇನ್ನೇನು ಬರೀತೀರಿ?” ಎಂದು ಒಂದು ಸಲ ನೋಡಿದರು, ಆಮೇಲೆ ಮರೆತೇಬಿಟ್ಟರು. ಜನರೇಟರಿಗೆ ಡೀಸೆಲ್ ಇಲ್ಲ, ಸಹಿ ಹಾಕಿ. ಹೊಡೆದಾಟದ ಕೇಸಿನ ಗಾಯದ ಸರ್ಟಿಫಿಕೇಟು, ಸ್ಟೇಷನ್ನಿನಿಂದ ಪೇದೆ ಬಂದಿದ್ದಾನೆ. ಹಳೇ ಕೇಸೊಂದರಲ್ಲಿ ಸಾಕ್ಷಿ ಹೇಳಲು ಕೋರ್ಟಿನ ಸಮನ್ಸು. ಮಂತ್ರಿಗಳು ನಾಡಿದ್ದು ಬರುತ್ತಾರೆ, ಕಾರಿನ ಹಿಂದೆ ಆಂಬ್ಯುಲೆನ್ಸು, ಒಬ್ಬ ಡಾಕ್ಟರು ಬೇಕು. ನಾಯಿ ಕಡಿತದ ಲಸಿಕೆ ಎಷ್ಟಿದೆ, ಈಗಲೇ ವಾಟ್ಸಾಪಿನಲ್ಲಿ ಹಾಕಿ. ಶೌಚಾಲಯದ ನಲ್ಲಿ ಮುರಿದಿದೆ. ಪುರಸಭೆ ಸದಸ್ಯರ ಬಾಮೈದುನನಿಗೆ ಹಾಸಿಗೆ ಬೇಕು. ನಡುನಡುವೆ ಓ.ಟಿ.ಯಿಂದ ಕರೆ ಬಂದರೆ ಎದ್ದು ಓಟ. ಮಧ್ಯಾಹ್ನ ಮನೆಯಿಂದ ಬಂದ ಡಬ್ಬಿ ನಾಲ್ಕು ಗಂಟೆಯವರೆಗೆ ಕಿಟಕಿಯ ಮೇಲೇ ಇತ್ತು. ಅದರಲ್ಲಿ ಚಪಾತಿ ಇತ್ತು ಅಂತ ಗೊತ್ತಾದದ್ದು, ಅವರು ಕೊನೆಗೆ ಅದನ್ನು ತೆಗೆದು ವಾಚ್‌ಮನ್ನಿಗೆ ಕೊಟ್ಟಾಗ.

ಫೋನು ಎಷ್ಟು ಸಲ ಬಂತೆಂದು ಎಣಿಸಲು ಹೊರಟೆ. ಊಟದ ಹೊತ್ತಿಗೆ ಲೆಕ್ಕ ತಪ್ಪಿತು, ಬಿಟ್ಟೆ.

ಇನ್ನೊಂದು ಮಾತೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಓದುಗರು ನನ್ನನ್ನೇ ಹಿಡಿದುಕೊಳ್ಳುತ್ತಾರೆ. ಸರ್ಕಾರಿ ಡ್ಯೂಟಿಯಲ್ಲಿ ‘ತುಂಬ ಸುಸ್ತು’ ಎಂದು ಹೇಳಿ ಸಂಜೆ ಸ್ವಂತ ಕ್ಲಿನಿಕ್ಕಿನಲ್ಲಿ ಹತ್ತು ಗಂಟೆಯವರೆಗೆ ಹೂವಿನ ಹಾಗೆ ಅರಳಿ ಕೂರುವ ಡಾಕ್ಟರುಗಳು ಇದ್ದಾರೆ. ಅವರ ಮನೆ ಯಾವುದು, ಕಾರು ಯಾವುದು ಅಂತ ಅಂಗಡಿ ಬೀದಿಗೆಲ್ಲ ಗೊತ್ತು. ಈ ಲೇಖನ ಅವರಿಗಲ್ಲ.

ಬತ್ತಿ ಸುಟ್ಟ ದೀಪ

ಈ ಕಾಯಿಲೆಗೆ, ಕಾಯಿಲೆ ಅನ್ನಬಹುದಾದರೆ, ‘ಬರ್ನ್‌ಔಟ್’ ಎಂದು ಹೆಸರು. ಎಣ್ಣೆ ಮುಗಿದು ಬತ್ತಿಯೇ ಸುಡುವ ದೀಪದ ಹಾಗೆ. ಈ ಮಾತನ್ನು ವೈದ್ಯ ಲೋಕಕ್ಕೆ ತಂದವರು ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್, 1974ರಲ್ಲಿ. ಅವರು ಹಗಲು ತಮ್ಮ ಸ್ವಂತ ರೋಗಿಗಳನ್ನು ನೋಡಿ ಸಂಜೆ ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದವರು. ಒಳ್ಳೆಯ ಮನಸ್ಸಿನಿಂದ ದುಡಿಯಲು ಬಂದವರೇ ಕೆಲವು ತಿಂಗಳಲ್ಲಿ ಸಿಡುಕರಾಗಿ, ಕಲ್ಲಾಗಿ ಹೋಗುವುದನ್ನು ಅವರು ಅಲ್ಲಿ ನೋಡಿದರು. ತಮ್ಮಲ್ಲೂ ಕಂಡರು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದಕ್ಕೆ ಮೂರು ಲಕ್ಷಣ ಹೇಳಿತು. ಮೊದಲನೆಯದು, ಮೈಯಲ್ಲಿ ಕಸುವೇ ಉಳಿಯದಷ್ಟು ಸುಸ್ತು. ಎರಡನೆಯದು, ಕೆಲಸದ ಮೇಲೆ ಮನಸ್ಸು ಮುರಿದು, ಎದುರಿಗೆ ಬಂದವರ ಮೇಲೆ ತಿರಸ್ಕಾರ. ಮೂರನೆಯದು, ‘ನಾನು ಏನು ಮಾಡಿದರೂ ಅಷ್ಟೇ’ ಎಂಬ ಭಾವ. ಸಂಸ್ಥೆ ಇನ್ನೊಂದು ಮಾತನ್ನೂ ಸ್ಪಷ್ಟ ಮಾಡಿತು: ಇದು ರೋಗವಲ್ಲ, ಕೆಲಸದ ಜಾಗದಲ್ಲಿನ ಒತ್ತಡವನ್ನು ನಿಭಾಯಿಸದೆ ಬಿಟ್ಟಿದ್ದರಿಂದ ಹುಟ್ಟುವ ಸ್ಥಿತಿ. ಎಂದರೆ ಮನುಷ್ಯನನ್ನು ಮಾತ್ರ ನೋಡಿದರೆ ಸಾಲದು, ಅವನು ಕೂರುವ ಕುರ್ಚಿಯನ್ನೂ ನೋಡಬೇಕು.

ನಾನು ‘ದರ್ಪ’ ಎಂದು ಬರೆದಿದ್ದೆನಲ್ಲ, ಅದು ಎರಡನೇ ಲಕ್ಷಣ. ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡು ಅರ್ಧಕ್ಕೆ ಬಿಟ್ಟವನು ನಾನು, ನನಗೆ ಹೇಗೆ ಗೊತ್ತಾಗಬೇಕು? ಆದರೆ ಡಾಕ್ಟರಿಗೇ ಗೊತ್ತಿರಲಿಲ್ಲ. “ನನ್ನ ಸ್ವಭಾವವೇ ಹಾಳಾಯ್ತು ಅಂದ್ಕೊಂಡಿದ್ದೆ ಕಣ್ರೀ. ಮೊದ್ಲು ನಾನು ಹೀಗಿರಲಿಲ್ಲ” ಎಂದರು. ಅವರ ಬಿ.ಪಿ. ಎಷ್ಟಿದೆ ಎಂದು ಕೇಳಿದೆ. ನಕ್ಕರು. ಊರಿನವರ ಬಿ.ಪಿ. ನೋಡುವ ಯಂತ್ರ ಮೇಜಿನ ಮೇಲೇ ಇತ್ತು.

ಮೂರನೇ ಲಕ್ಷಣಕ್ಕೆ ಅವರ ಬೀರುವಿನಲ್ಲೇ ಸಾಕ್ಷಿ ಇದೆ. ಇನ್ನೊಬ್ಬ ಅರಿವಳಿಕೆ ತಜ್ಞರನ್ನು ಕೊಡಿ ಎಂದು ಬರೆದ ಪತ್ರಗಳ ಪ್ರತಿಗಳು, ದಾರ ಕಟ್ಟಿದ ಒಂದು ಕಟ್ಟು. ಒಂದಕ್ಕೂ ಉತ್ತರವಿಲ್ಲ. ಹೊಸ ಪತ್ರ ಬರೆಯುವುದನ್ನು ಅವರು ನಿಲ್ಲಿಸಿದ್ದರು.

ಇದು ನಗುವ ವಿಷಯವಲ್ಲ. 2020ರ ಆಗಸ್ಟ್‌ನಲ್ಲಿ ನಂಜನಗೂಡಿನ ತಾಲ್ಲೂಕು ಆರೋಗ್ಯಾಧಿಕಾರಿ ಆತ್ಮಹತ್ಯೆ ಮಾಡಿಕೊಂಡದ್ದು ಓದುಗರಿಗೆ ನೆನಪಿರಬೇಕು. ಕೊರೋನಾ ಕಾಲದ ಕೆಲಸದ ಒತ್ತಡವೇ ಕಾರಣವೆಂದು ಸಹೋದ್ಯೋಗಿಗಳು ದೂರಿದರು, ಮೈಸೂರಿನಲ್ಲಿ ವೈದ್ಯರು ಪ್ರತಿಭಟನೆಗೆ ಇಳಿದರು, ಸರ್ಕಾರ ತನಿಖೆಗೆ ಆದೇಶಿಸಿತು. ಅದೇ ವರ್ಷ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಒಂದು ಆಸ್ಪತ್ರೆಯ ತುರ್ತು ವಿಭಾಗದ ಮುಖ್ಯಸ್ಥೆಯಾಗಿದ್ದ ಡಾ. ಲೋರ್ನಾ ಬ್ರೀನ್ ಕೂಡ ಹಾಗೆಯೇ ಹೋದರು. ಆಕೆಯ ಹೆಸರಿನಲ್ಲಿ ಅಮೆರಿಕದವರು 2022ರ ಮಾರ್ಚ್‌ನಲ್ಲಿ ವೈದ್ಯ ಸಿಬ್ಬಂದಿಯ ಮನಸ್ಸಿನ ಆರೋಗ್ಯಕ್ಕೆಂದೇ ಕಾನೂನು ಮಾಡಿದರು. ಊರು ಬೇರೆ, ದೇಶ ಬೇರೆ. ಇಬ್ಬರೂ ಕೈಕೆಳಗಿನವರ ಕಷ್ಟವನ್ನೂ ಮೇಲಿನವರ ಒತ್ತಡವನ್ನೂ ನಡುವೆ ನಿಂತು ಹೊತ್ತವರು.

ಬ್ಯಾಗು ಒಪ್ಪಿಸುವ ಜಾಗ

ದಿನಾ ಬಸ್ಸಿನಲ್ಲಿ ಓಡಾಡುವವರು ಇದನ್ನು ನೋಡಿರುತ್ತೀರಿ. ಕಂಡಕ್ಟರ್ ಡ್ಯೂಟಿ ಮುಗಿದ ಕೂಡಲೇ ಡಿಪೋದಲ್ಲಿ ದುಡ್ಡು ಕಟ್ಟಿ, ಟಿಕೆಟ್ ಮಿಷನ್ ಒಪ್ಪಿಸಿ ಕೈ ಬೀಸಿಕೊಂಡು ಮನೆಗೆ ಹೋಗುತ್ತಾನೆ. ಆಮೇಲೆ ಆ ರೂಟಿನಲ್ಲಿ ಟೈರು ಪಂಕ್ಚರಾದರೆ ಅದು ಇನ್ನೊಬ್ಬನ ತಲೆನೋವು. ಮೋಟಾರು ಸಾರಿಗೆ ಕಾರ್ಮಿಕರಿಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು 1961ರಷ್ಟು ಹಿಂದೆಯೇ ಕಾಯಿದೆ ಬರೆದರು. ನಿದ್ದೆಗೆಟ್ಟ ಡ್ರೈವರ್ ಐವತ್ತು ಜನರನ್ನು ಹಳ್ಳಕ್ಕೆ ಹಾಕುತ್ತಾನೆಂದು ಅವತ್ತಿನವರಿಗೆ ಗೊತ್ತಿತ್ತು. ಅಂಗಡಿಯವರನ್ನೇ ತೆಗೆದುಕೊಳ್ಳಿ. ವಾರಕ್ಕೊಂದು ದಿನ ಷಟರ್ ಎಳೆಯುತ್ತೀರಿ. ಮಧ್ಯಾಹ್ನ ಊಟಕ್ಕೆ ಹೋದರೆ ಮಗನೋ ತಮ್ಮನೋ ಗಲ್ಲಾದಲ್ಲಿ ಕೂರುತ್ತಾನೆ.

ನಮ್ಮ ದೊಡ್ಡ ಡಾಕ್ಟರಿಗೆ ಗಲ್ಲಾ ಒಪ್ಪಿಸಲು ತಮ್ಮನಿಲ್ಲ.

ಬಸ್‌ಸ್ಟ್ಯಾಂಡಿನ ಹಿಂದೆ ಒಬ್ಬ ನಿವೃತ್ತ ಡಾಕ್ಟರಿದ್ದಾರೆ. ಹಿಂದೆ ದೊಡ್ಡ ಆಸ್ಪತ್ರೆಯೊಂದನ್ನು ವರ್ಷಗಟ್ಟಲೆ ನಡೆಸಿದವರು, ಈಗ ಬೆಳಿಗ್ಗೆ ಎರಡು ಗಂಟೆ ಮಾತ್ರ ರೋಗಿ ನೋಡುತ್ತಾರೆ. ಅವರನ್ನು ಕೇಳಿದೆ. “ನಮ್ ಕಾಲ್ದಲ್ಲೂ ಕೆಲ್ಸ ಕಡಿಮೆ ಇರ್ಲಿಲ್ಲ. ಆದ್ರೆ ಕಚೇರಿ ಸೀಲು ಡ್ರಾಯರ್‌ನಲ್ಲಿರ್ತಿತ್ತು. ಬೀಗ ಹಾಕಿ ಕೀ ಕೊಟ್ಟು ಬಂದ್ರೆ ಅಧಿಕಾರ ಅಲ್ಲೇ ಉಳೀತಿತ್ತು. ಈಗ ಆ ಸೀಲು ಮೊಬೈಲ್ ಒಳಗೆ ಸೇರ್ಕೊಂಡು ಹಾಸಿಗೆವರೆಗೂ ಬಂದಿದೆ” ಎಂದರು. ತಾವು ಹೇಗೆ ಉಳಿದಿರಿ ಎಂದೆ. ಊಟದ ಅರ್ಧ ಗಂಟೆ ಕೂತೇ ಉಣ್ಣುತ್ತಿದ್ದರಂತೆ, ‘ಯಮ ಬಂದ್ರೂ ಕಾಯಬೇಕು’ ಎಂದು ಬಾಗಿಲಿನವನಿಗೆ ಹೇಳಿಟ್ಟಿದ್ದರಂತೆ. ತಮ್ಮ ಕಾಯಿಲೆಗೆ ತಾವೇ ಮಾತ್ರೆ ಬರೆದುಕೊಳ್ಳುತ್ತಿರಲಿಲ್ಲ. ಬೇರೆ ಊರಿನ ಗೆಳೆಯ ಡಾಕ್ಟರಿಗೆ ವರ್ಷಕ್ಕೊಮ್ಮೆ ಮೈ ತೋರಿಸಿ ಬರುತ್ತಿದ್ದರು. “ಡಾಕ್ಟ್ರಿಗೊಬ್ಬ ಡಾಕ್ಟ್ರು ಇರ್ಬೇಕು ಕಣಯ್ಯ. ಅವನು ನಾವಾಗಿರಬಾರದು.”

ಅವರು ಹೇಳಿದ ಇನ್ನೊಂದು ಸಂಗತಿ ನನ್ನ ಮನಸ್ಸಿನಲ್ಲಿ ನಿಂತಿದೆ. ವಾರ್ಡಿನಲ್ಲಿ ಆಗಬಾರದ ಸಾವು ಆದಾಗ, ಮಾರನೇ ದಿನ ಡಾಕ್ಟರು, ಸಿಸ್ಟರು, ಆಯಾ, ಆಂಬ್ಯುಲೆನ್ಸ್ ಡ್ರೈವರು ಎಲ್ಲರನ್ನೂ ಕೂರಿಸಿ ಟೀ ತರಿಸುತ್ತಿದ್ದರು. ತಪ್ಪು ಯಾರದು ಎಂಬ ವಿಚಾರಣೆಗೆ ಬೇರೆ ದಿನವಿದೆ, ಅವತ್ತು ಅದರ ಮಾತಿಲ್ಲ. ಯಾರಿಗೆ ಏನನ್ನಿಸಿತೋ ಹೇಳಬಹುದು, ಸುಮ್ಮನೆಯೂ ಕೂರಬಹುದು. ಕಾಲು ಗಂಟೆ, ಅಷ್ಟೇ. ಮೊದಲು ಮಾತಾಡುತ್ತಿದ್ದವರು ಇವರೇ. “ದೊಡ್ಡೋನು ‘ನಂಗೂ ರಾತ್ರಿ ನಿದ್ದೆ ಬರ್ಲಿಲ್ಲ’ ಅಂದ್ರೆ, ಸಣ್ಣೋರಿಗೆ ಅಳೋಕೆ ಧೈರ್ಯ ಬರುತ್ತೆ” ಎಂದರು.

ಈಗ ಸರ್ಕಾರಿ ಪರಿಹಾರದ ಕಥೆ ಕೇಳಿ. ಜಿಲ್ಲಾ ಕೇಂದ್ರದಲ್ಲಿ ವೈದ್ಯಾಧಿಕಾರಿಗಳಿಗೆ ‘ಒತ್ತಡ ನಿರ್ವಹಣಾ ಕಾರ್ಯಾಗಾರ’ ನಡೆಯಿತು. ಯಾವ ದಿನ? ಭಾನುವಾರ. ಹಾಜರಾತಿ ಕಡ್ಡಾಯ. ಉದ್ಘಾಟಕರು ಎರಡು ಗಂಟೆ ತಡವಾಗಿ ಬಂದರು. ಪ್ರಾಣಾಯಾಮ ಹೇಳಿಕೊಟ್ಟು, ಶಾಲು ಹೊದಿಸಿ, ಫೋಟೋ ತೆಗೆದು ಕಳಿಸಿದರು. ಪ್ರಾಣಾಯಾಮ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಆದರೆ ಉಸಿರಾಡಲು ಪುರುಸೊತ್ತು ಕೊಡದೆ ಉಸಿರಾಡುವ ವಿಧಾನ ಕಲಿಸಿದರೆ ಏನು ಬಂತು?

ಹಾಗೆ ನೋಡಿದರೆ ವೈದ್ಯರ ಪ್ರತಿಜ್ಞೆಯೇ ಬದಲಾಗಿದೆ. ಎರಡನೇ ಮಹಾಯುದ್ಧದ ನಂತರ 1948ರಲ್ಲಿ ವಿಶ್ವ ವೈದ್ಯಕೀಯ ಸಂಘ ರಚಿಸಿದ ಜಿನೀವಾ ಪ್ರತಿಜ್ಞೆಯಲ್ಲಿ ವೈದ್ಯರ ಸ್ವಂತ ಆರೋಗ್ಯದ ಮಾತು ಇರಲಿಲ್ಲ. 2017ರ ಅಕ್ಟೋಬರ್‌ನಲ್ಲಿ ಅದಕ್ಕೊಂದು ಹೊಸ ಸಾಲು ಸೇರಿತು: ಉತ್ತಮ ಚಿಕಿತ್ಸೆ ಕೊಡಬೇಕಾದರೆ ನನ್ನ ಆರೋಗ್ಯವನ್ನೂ ನೋಡಿಕೊಳ್ಳುತ್ತೇನೆ ಎಂಬ ಅರ್ಥದ ಸಾಲು. ನಮ್ಮ ಡಾಕ್ಟರಿಗೆ ಇದನ್ನು ಹೇಳಿದೆ. “ಹೌದಾ?” ಎಂದರು. ಆಮೇಲೆ, “ಹಾಗಾದ್ರೆ ನಾನು ವರ್ಷಗಳಿಂದ ಪ್ರತಿಜ್ಞೆ ಮುರೀತಿದೀನಿ ಅನ್ನಿ” ಎಂದು ಕನ್ನಡಕ ಒರೆಸಿಕೊಂಡರು.

ಎರಡು ಭಾನುವಾರ

ಕೊನೆಗೆ ದಾರಿ ಹುಡುಕಿದ್ದು ಹಿರಿಯ ಸಿಸ್ಟರೇ. ಪಕ್ಕದ ತಾಲ್ಲೂಕಿನ ಆಸ್ಪತ್ರೆಯಲ್ಲೂ ಮತ್ತಿನ ಡಾಕ್ಟರು ಒಬ್ಬರೇ, ಅವರದ್ದೂ ಇದೇ ಗೋಳು. ಕಾರಿನಲ್ಲಿ ಅರ್ಧ ಗಂಟೆ ದಾರಿ. ತಿಂಗಳಿಗೆ ಎರಡು ಭಾನುವಾರ ಇವರು ಎರಡೂ ಕಡೆ ನೋಡಿಕೊಳ್ಳುವುದು, ಎರಡು ಭಾನುವಾರ ಅವರು ನೋಡಿಕೊಳ್ಳುವುದು ಎಂದು ಮಾತಾಯಿತು. ಒಂದೇ ಹೊತ್ತಿಗೆ ಎರಡು ಕಡೆ ಕೇಸು ಬಂದರೆ ಮಾತ್ರ ಒಂದನ್ನು ಜಿಲ್ಲಾ ಆಸ್ಪತ್ರೆಗೆ ಕಳಿಸುವುದು. ಬಿಡುವಿನ ಭಾನುವಾರ ಆಸ್ಪತ್ರೆಯ ಚಾರ್ಜು ಹಲ್ಲಿನ ಡಾಕ್ಟರಮ್ಮನಿಗೆ, ಕಚೇರಿ ಮೊಬೈಲೂ ಅವರ ಕೈಗೆ. ಮೇಲಿನವರು ಬಾಯಿಮಾತಿನಲ್ಲಿ ‘ಆಯ್ತು’ ಅಂದಿದ್ದಾರೆ. ಕಾಗದದಲ್ಲಿ ಆದೇಶ ಬಂದಿಲ್ಲ. ನಾಳೆ ಯಾರಾದರೂ ಆಕ್ಷೇಪಣೆ ಎತ್ತಿದರೆ ಬಾಯಿಮಾತು ಯಾರ ರಕ್ಷಣೆಗೂ ಬರುವುದಿಲ್ಲ. ಸಂಬಂಧಪಟ್ಟವರು ಒಂದು ಸಾಲು ಬರೆದುಕೊಡಲು ಎಷ್ಟು ಹೊತ್ತು ಬೇಕು?

ಮೊದಲ ಬಿಡುವಿನ ಭಾನುವಾರ ನಾನು ಬೇಕೆಂದೇ ಆಸ್ಪತ್ರೆಯ ಕಡೆ ಹೋದೆ. ಹನ್ನೊಂದು ಗಂಟೆಗೆ ಡಾಕ್ಟರು ಸ್ಕೂಟರಿನಲ್ಲಿ ಗೇಟಿನ ಹತ್ತಿರ ಹಾಜರ್! ‘ಸುಮ್ನೆ ಒಂದು ರೌಂಡ್’ ಅಂದರು. ಸಿಸ್ಟರ್ ಮೆಟ್ಟಿಲಿಳಿದು ಬಂದು, “ಸಾರ್, ಇವತ್ತಿನ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ, ಮನೆಗೆ ಹೋಗಿ” ಎಂದರು. ಡಾಕ್ಟರು ಗಾಡಿ ಆಫ್ ಮಾಡದೆ ಎರಡು ನಿಮಿಷ ನಿಂತರು. ತಿರುಗಿಸಿಕೊಂಡು ಹೋದರು.

ಎರಡನೇ ಸಲ ಬರಲಿಲ್ಲ. ಮೂರನೇ ಸಲದ ಹೊತ್ತಿಗೆ ಪಕ್ಕದ ತಾಲ್ಲೂಕಿನ ಡಾಕ್ಟರಿಗೆ ಬೆಂಗಳೂರಿನಲ್ಲಿ ತರಬೇತಿ ಬಿತ್ತು, ಏರ್ಪಾಡು ಕೆಟ್ಟಿತು. ನಾಲ್ಕನೆಯದು ನಡೆಯಿತು. ಹೀಗೆ ಕುಂಟುತ್ತ ಸಾಗಿದೆ. ಬಿ.ಪಿ. ತೋರಿಸಲು ಡಾಕ್ಟರು ಬಸ್‌ಸ್ಟ್ಯಾಂಡಿನ ಹಿಂದಿನ ಆ ನಿವೃತ್ತ ಡಾಕ್ಟರ ಬಳಿಗೇ ಹೋಗಿದ್ದರು. ಮಾತ್ರೆ ಶುರುವಾಗಿದೆ. ಡಿಸ್ಪೆನ್ಸರಿಯ ಗೋಡೆಗೆ ಸಿಸ್ಟರ್ ಒಂದು ಚೀಟಿಯನ್ನೂ ಅಂಟಿಸಿದ್ದಾರೆ: ಟೆಲಿ-ಮಾನಸ್, 14416. ಮನಸ್ಸಿನ ತೊಂದರೆಗೆ ಹಗಲು ರಾತ್ರಿ ಉಚಿತವಾಗಿ ಮಾತಾಡಬಹುದಾದ ಸರ್ಕಾರಿ ಫೋನು. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ಬೆಂಗಳೂರಿನ ನಿಮ್ಹಾನ್ಸ್ ಇದರ ಬೆನ್ನಿಗಿದೆ. ರೋಗಿಗಳಿಗೆ ಅಂತ ಎಲ್ಲರೂ ತಿಳಿದಿದ್ದಾರೆ. “ಅದು ನಮ್ಮ ಸ್ಟಾಫಿಗೂ ಸೇರಿ ಹಾಕಿದ್ದು” ಎಂದು ಸಿಸ್ಟರ್ ನನಗೆ ಮಾತ್ರ ಹೇಳಿದರು.

ಮುದುಕಿಯ ವಿಷಯ ಕೇಳುತ್ತೀರಾ? ಆಕೆಯ ಕಾಗದಕ್ಕೆ ಮಾರನೇ ದಿನವೇ ಸಹಿ ಬಿದ್ದಿತ್ತಂತೆ. ನಾನು ಅದನ್ನೂ ವಿಚಾರಿಸಿರಲಿಲ್ಲ. ಹೋದ ವಾರ ಸಂತೆಯಲ್ಲಿ ಸೊಪ್ಪು ಮಾರುತ್ತ ಕೂತಿದ್ದಳು, ಗುರುತು ಹಿಡಿದೆ. “ಆ ಡಾಕ್ಟ್ರಪ್ಪ ಚೆನ್ನಾಗವ್ನಾ? ಅವತ್ತು ಕಣ್ಣು ಕೆಂಪಗಿತ್ತು ಪಾಪ” ಅಂದಳು. ನಾನು ಎರಡು ಕಟ್ಟು ದಂಟಿನ ಸೊಪ್ಪು ತೆಗೆದುಕೊಂಡು ಬಂದೆ.